ಸಾವಿನ ಸುದ್ದಿ ಮತ್ತು ಮಗುವಿನ ಭಾಷೆ

ಸಾವನ್ನು ನೇರವಾಗಿ ಹೆಸರಿಸದಿರುವುದು ಕನ್ನಡದ ವ್ಯವಹಾರದಲ್ಲಿ ಸೌಜನ್ಯದ ಲಕ್ಷಣವಾಗಿದೆ. ‘ತೀರಿಕೊಂಡರು’, ‘ಶಿವನ ಪಾದ ಸೇರಿದರು’, ‘ಲಿಂಗೈಕ್ಯರಾದರು’ ಮುಂತಾದ ನುಡಿಗಟ್ಟುಗಳು ಹಿರಿಯರ ದುಃಖವನ್ನು ಮರ್ಯಾದೆಯಿಂದ ಕಾಣುತ್ತವೆ. ಆದರೆ ಇದೇ ಸೌಜನ್ಯವು ಮಗುವಿನ ಪಾಲಿಗೆ ಗೊಂದಲವಾಗಿ ಪರಿಣಮಿಸಬಲ್ಲುದು.

ಪುಣೆಯ ವಾಕಡದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಸಂದರ್ಭದಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಹಿಂಜವಡಿಯ ತಂತ್ರಾಂಶ ಉದ್ದಿಮೆಗಳ ನೆರೆಯಲ್ಲಿ ಬೆಳೆದ ಈ ಬಡಾವಣೆಯ ಮಗುವಿಗೆ ‘ಊರು’ ಎಂದರೆ ಮುಂಬಯಿ–ಬೆಂಗಳೂರು ಹೆದ್ದಾರಿ ಹಿಡಿದು ಹೋಗಿ, ರಜೆ ಮುಗಿದೊಡನೆ ಮರಳುವ ಸ್ಥಳ. ಅಜ್ಜ ‘ಊರಿಗೆ ಹೋಗಿದ್ದಾನೆ’ ಎಂದರೆ ಅದು ಅವನ ದಾರಿ ಕಾಯುತ್ತದೆ; ‘ಮಲಗಿದ್ದಾನೆ’ ಎಂದರೆ ತಾನೇ ಮಲಗಲು ಅಂಜೀತು. ಜೊತೆಗೆ ಕುಳಿತು ಅಳಬೇಕಾದ ಬಂಧುಗಳು ದೂರದಲ್ಲಿರುತ್ತಾರೆ. ಕರ್ಮಾಂತರಗಳು ಮುಗಿದ ಮೇಲೆ ತಂದೆತಾಯಿಗಳು ಕೆಲಸಕ್ಕೆ ಮರಳುತ್ತಾರೆ.

ಸಾವು ಮರಳಿ ಬಾರದ ಸ್ಥಿತಿ, ಅಲ್ಲಿ ದೇಹದ ವ್ಯಾಪಾರಗಳೆಲ್ಲ ನಿಲ್ಲುತ್ತವೆ, ಅದು ಎಲ್ಲರಿಗೂ ಬರುವಂಥದು ಎಂಬ ಮೂರು ಅಂಶಗಳು ಸಾಮಾನ್ಯವಾಗಿ ಐದರಿಂದ ಏಳು ವರ್ಷಗಳ ನಡುವೆ ಮಗುವಿಗೆ ಮನದಟ್ಟಾಗುತ್ತವೆ ಎಂದು ಮನೋವಿಜ್ಞಾನಿಗಳು ಹೇಳುತ್ತಾರೆ. ಆದ್ದರಿಂದ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಹಟವಲ್ಲ. ಅತ್ತ ಮರುಗಳಿಗೆಯೇ ಆಡತೊಡಗುವುದು ನಿರ್ದಯವೂ ಅಲ್ಲ. ತನ್ನ ಸಿಟ್ಟಿನಿಂದಲೇ ಸಾವು ಸಂಭವಿಸಿತೆಂದು ಭಾವಿಸುವ ಮಕ್ಕಳೂ ಉಂಟು. ‘ಅಜ್ಜ ಸತ್ತಿದ್ದಾನೆ, ಅವನ ದೇಹ ಕೆಲಸ ನಿಲ್ಲಿಸಿದೆ, ಅವನು ಮರಳಿ ಬರುವುದಿಲ್ಲ, ಇದು ನಿನ್ನಿಂದಾದುದಲ್ಲ’ ಎಂಬ ಸರಳ ಮಾತೇ ಇಲ್ಲಿ ಹಿತಕರ.

ಈ ವಿವೇಕವು ಕನ್ನಡಕ್ಕೆ ಹೊಸದಲ್ಲ. ‘ಗೋವಿನ ಹಾಡಿ’ನ ಪುಣ್ಯಕೋಟಿಯು ಹುಲಿಯ ಬಾಯಿಗೆ ಹೋಗುವ ಮುನ್ನ ಕರುವಿಗೆ ನಿಜವನ್ನೇ ತಿಳಿಸುತ್ತದೆ. ತನಗೆ ಹಾಲುಣಿಸುವವರಾರು, ತಾನು ಯಾರ ಬಳಿ ಮಲಗಬೇಕು ಎಂಬುದು ಕರುವಿನ ಅಳಲು. ತಾಯಿಯನ್ನು ಕಳೆದುಕೊಂಡ ಪ್ರತಿಯೊಂದು ಮಗುವಿನ ಅಳಲೂ ಇದೇ. ತಾಯಿ ಆ ಪ್ರಶ್ನೆಯನ್ನು ಮರೆಸಲು ಯತ್ನಿಸದೆ, ಕರುವನ್ನು ದೊಡ್ಡಿಯ ಇತರ ಹಸುಗಳಿಗೆ ಒಪ್ಪಿಸುತ್ತದೆ. ಸತ್ಯದ ಬೆನ್ನಿಗೇ ಆಸರೆಯ ಭರವಸೆಯೂ ಇರಬೇಕೆಂಬುದು ಇದರ ತಾತ್ಪರ್ಯ.

ದೊಡ್ಡಿಯಿಂದ ದೂರವಾದ ಕುಟುಂಬವು ಆ ಆಸರೆಯನ್ನು ತಾನೇ ಕಟ್ಟಿಕೊಳ್ಳಬೇಕಾಗುತ್ತದೆ. ನಾಳೆ ಶಾಲೆಗೆ ಕರೆದೊಯ್ಯುವವರು ಯಾರು, ರಾತ್ರಿ ಬಳಿಯಲ್ಲಿರುವವರು ಯಾರು ಎಂಬುದನ್ನು ಮಗುವಿಗೆ ಹೆಸರಿಟ್ಟು ಹೇಳಬೇಕು. ಶಿಕ್ಷಕರಿಗೂ ನೆರೆಯವರಿಗೂ ವಿಷಯ ತಿಳಿಸಬೇಕು. ಅಂತ್ಯಕ್ರಿಯೆಯಲ್ಲಿ ನಡೆಯುವುದನ್ನು ಮೊದಲೇ ವಿವರಿಸಿ, ಮಗು ಬಯಸಿದರೆ ಮಾತ್ರ ಕರೆದೊಯ್ಯಬೇಕು. ಹಿರಿಯರು ಮಗುವಿನೆದುರು ಅಳುವುದು ತಪ್ಪಲ್ಲ. ನಿದ್ರೆ, ಊಟ, ಆಟಗಳು ಬಹುಕಾಲ ಕೆಟ್ಟಿದ್ದರೆ ತಜ್ಞರ ನೆರವು ಅಗತ್ಯ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಶಾಲೆಯಲ್ಲಿ ಬೇರೆ ಭಾಷೆಗಳನ್ನಾಡುವ ಮಗುವಿಗೂ ದುಃಖವನ್ನು ಹೇಳಿಕೊಳ್ಳಲು ಮನೆಮಾತು ಬೇಕಾಗುತ್ತದೆ.