ಚೆಂಡಿನ ನೆರಳಿನ ರೇಖಾಗಣಿತ

ಬಿಸಿಲಿನಲ್ಲಿಟ್ಟ ಚೆಂಡಿನ ಒಂದು ಅರ್ಧ ಬೆಳಗುತ್ತದೆ, ಇನ್ನೊಂದು ಅರ್ಧ ಕತ್ತಲಲ್ಲಿ ಉಳಿಯುತ್ತದೆ. ಇವೆರಡೂ ಕೂಡುವ ಗೆರೆಯ ಮೇಲೆ ಕಿರಣಗಳು ಚೆಂಡಿನ ಮೈ ಸವರಿಕೊಂಡು ಮುಂದೆ ಹೋಗುತ್ತವೆ. ನೆಲದ ಮೇಲಿನ ನೆರಳಿನ ಅಂಚನ್ನು ಗೀಚುವುದು ಈ ಸ್ಪರ್ಶಕ ಕಿರಣಗಳೇ. ಪೆಟ್ಟಿಗೆಯ ನೆರಳಿಗೆ ಅದರ ಮೂಲೆ, ಅಂಚುಗಳೇ ಆಧಾರ. ಬಾಗಿದ ಮೈಗೆ ಅಂಥ ನಿಗದಿತ ಅಂಚಿಲ್ಲ. ಸೂರ್ಯ ಸರಿದಂತೆ ಸವರುಗೆರೆಯೂ ಮೈಮೇಲೆ ಸರಿಯುತ್ತದೆ.

ಸೂರ್ಯ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿರುವುದರಿಂದ ಅದರ ಕಿರಣಗಳನ್ನು ಮೊದಲಿಗೆ ಸಮಾಂತರವೆಂದೇ ಎಣಿಸಬಹುದು. ಆಗ ಚೆಂಡಿನ ಹಿಂದೆ ಉರುಳೆಯಾಕಾರದ ಕತ್ತಲಿನ ಕೊಳವೆಯೊಂದು ಉಂಟಾಗುತ್ತದೆ. ನೆಲ ಅದನ್ನು ಓರೆಯಾಗಿ ಕತ್ತರಿಸಿದರೆ ಸಿಗುವುದು ದೀರ್ಘವೃತ್ತ. ಅದರ ಅಗಲ ಯಾವಾಗಲೂ ಚೆಂಡಿನ ವ್ಯಾಸದಷ್ಟೇ. ಉದ್ದ ಮಾತ್ರ ಸೂರ್ಯನ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಸೂರ್ಯ ನೆತ್ತಿಯ ಮೇಲಿದ್ದರೆ ನೆರಳು ಪೂರ್ಣ ವೃತ್ತ. ದಿಗಂತದಿಂದ 30 ಡಿಗ್ರಿ ಮೇಲಿದ್ದರೆ ಅದರ ಉದ್ದ ಅಗಲದ ಎರಡರಷ್ಟು. ಚೆಂಡು ನೆಲಕ್ಕೆ ತಾಗಿದ ಬಿಂದು ಈ ದೀರ್ಘವೃತ್ತದ ಒಂದು ನಾಭಿ. ಗಣಿತಜ್ಞ ಡ್ಯಾಂಡಲಿನ್ 1822ರಲ್ಲಿ ಶಂಕುವಿನ ಛೇದಗಳ ಬಗ್ಗೆ ಕಂಡುಕೊಂಡ ಸಂಗತಿಯಿಂದ ಇದು ನೇರವಾಗಿ ಸಿದ್ಧವಾಗುತ್ತದೆ.

ನೆಟ್ಟಗೆ ನಿಂತ ಡ್ರಮ್ಮಿನ ನೆರಳು ಬೇರೆ ಬಗೆಯದು. ಅದರ ಮೇಲಿನ ಬಾಯಿ ನೆಲಕ್ಕೆ ಸಮಾಂತರವಾದ್ದರಿಂದ ಬಾಯಿಯ ನೆರಳು ಅಷ್ಟೇ ಗಾತ್ರದ ವೃತ್ತ. ಹಾಗಾಗಿ ಸಮಾಂತರವಾದ ಎರಡು ನೇರ ಗೆರೆಗಳು, ತುದಿಯಲ್ಲಿ ಒಂದು ಅರ್ಧವೃತ್ತ ಕಾಣುತ್ತವೆ. ತೆಳ್ಳನೆಯ ಬಳೆಯನ್ನು ಅದರ ಅಂಚು ಸೂರ್ಯನ ಕಡೆಗಿರುವಂತೆ ಹಿಡಿದರೆ ನೆರಳು ಬರಿಯ ಗೆರೆಯಾಗುತ್ತದೆ.

ವಾಸ್ತವವಾಗಿ ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುವ ಬಿಲ್ಲೆ. ಇದರಿಂದ ಕತ್ತಲಿನ ಕೊಳವೆ ಮುಂದೆ ಹೋದಂತೆ ಕಿರಿದಾಗಿ ಶಂಕುವಾಗುತ್ತದೆ. ಸುತ್ತಲೂ ಅರೆನೆರಳು ಹರಡಿಕೊಳ್ಳುತ್ತದೆ. ಶಂಕುವಿನ ಉದ್ದ ಗೋಳದ ವ್ಯಾಸದ ಸುಮಾರು 107 ಪಟ್ಟು. 7 ಸೆಂ.ಮೀ. ಚೆಂಡಿನ ದಟ್ಟ ನೆರಳು ಏಳೂವರೆ ಮೀಟರಿಗೇ ಮುಗಿಯುತ್ತದೆ. 5 ಮಿ.ಮೀ. ದಪ್ಪದ ತಂತಿಯದು ಅರ್ಧ ಮೀಟರ್ ದಾಟಿದೊಡನೆ ಇಲ್ಲವಾಗುತ್ತದೆ. ಕಂಬದ ಮೇಲಿನ ತಂತಿಗಳ ನೆರಳು ರಸ್ತೆಯಲ್ಲಿ ಮಸುಕಾಗಿರುವುದು ಇದಕ್ಕೇ. ಕಂಬದ ನೆರಳು ಬುಡದಲ್ಲಿ ಚೊಕ್ಕವಾಗಿದ್ದು ತುದಿಯಲ್ಲಿ ಕದಡಿದಂತೆ ಕಾಣುವುದಕ್ಕೂ ಇದೇ ಕಾರಣ.

ಗ್ರಹಣಗಳ ಲೆಕ್ಕವೂ ಇದೇ. ಚಂದ್ರನ ದಟ್ಟ ನೆರಳಿನ ಸರಾಸರಿ ಉದ್ದ ಸುಮಾರು 3.74 ಲಕ್ಷ ಕಿ.ಮೀ.; ಭೂಮಿಯಿಂದ ಚಂದ್ರನ ಸರಾಸರಿ ದೂರ 3.84 ಲಕ್ಷ ಕಿ.ಮೀ. ಶಂಕುವಿನ ತುದಿ ನೆಲ ಮುಟ್ಟಿದರೆ ಅಲ್ಲಿ ಪೂರ್ಣ ಸೂರ್ಯಗ್ರಹಣ, ಮುಟ್ಟದಿದ್ದರೆ ಕಂಕಣ ಗ್ರಹಣ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಡದ್ದು ಎರಡನೆಯ ಬಗೆ. ಭೂಮಿಯ ನೆರಳಿನ ಉದ್ದ ಸುಮಾರು 14 ಲಕ್ಷ ಕಿ.ಮೀ.; ಆದ್ದರಿಂದ ಅದು ಚಂದ್ರನನ್ನು ಸುಲಭವಾಗಿ ತಲುಪುತ್ತದೆ. ಈ ಉದ್ದವನ್ನು ಸಮರೂಪ ತ್ರಿಭುಜಗಳಿಂದ ಲೆಕ್ಕ ಹಾಕುವ ಸೂತ್ರ ಆರ್ಯಭಟನ ‘ಆರ್ಯಭಟೀಯ’ದಲ್ಲಿದೆ. ಚಂದ್ರಗ್ರಹಣದಲ್ಲಿ ಭೂಮಿಯ ನೆರಳಿನ ಅಂಚು ಯಾವಾಗಲೂ ದುಂಡಗೇ ಇರುವುದನ್ನು ಅರಿಸ್ಟಾಟಲ್ ಭೂಮಿ ಗೋಳವೆಂಬುದಕ್ಕೆ ಪುರಾವೆಯಾಗಿ ಕೊಟ್ಟಿದ್ದ. ಚಪ್ಪಟೆ ಬಿಲ್ಲೆಯ ನೆರಳೂ ಕೆಲವೊಮ್ಮೆ ದುಂಡಗಿರಬಹುದು. ಆದರೆ ಬೆಳಕು ಯಾವ ದಿಕ್ಕಿನಿಂದ ಬಂದರೂ ಕಿರಣಗಳಿಗೆ ಲಂಬವಾದ ಪರದೆಯ ಮೇಲೆ ವೃತ್ತವನ್ನೇ ಮೂಡಿಸುವ ಆಕಾರ ಗೋಳವೊಂದೇ.