ಉಸಿರಿನೊಡನೆ ಬರುವ ಪ್ಲಾಸ್ಟಿಕ್: ಗರ್ಭಿಣಿಯರಿರುವ ಮನೆಗೆ ನಾಲ್ಕು ಮಾತು

ಚಳಿಗಾಲ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಮನೆಗಳ ಕಿಟಕಿಗಳು ಮುಚ್ಚಿಬಿಡುತ್ತವೆ. ಬಸುರಿ ಮಗಳೂ, ಬಾಣಂತನಕ್ಕೆಂದು ಊರಿನಿಂದ ಬಂದ ತಾಯಿಯೂ ದಿನವೆಲ್ಲ ಒಳಗೇ ಇರುತ್ತಾರೆ. ಬಿಸಿಲುಕೋಲಿನಲ್ಲಿ ತೇಲುವ ಧೂಳನ್ನು ತಾವೆಲ್ಲ ನೋಡಿದ್ದೀರಿ. ಅದರಲ್ಲಿ ಕಾರ್ಪೆಟ್, ಸೋಫಾ, ಪಾಲಿಯೆಸ್ಟರ್ ಬಟ್ಟೆಗಳಿಂದ ಉದುರಿದ ಪ್ಲಾಸ್ಟಿಕ್ ಎಳೆಗಳೂ ಇರುತ್ತವೆ.

ಇವುಗಳಲ್ಲಿ ದಪ್ಪನೆಯವನ್ನು ಮೂಗು, ಗಂಟಲುಗಳೇ ತಡೆಯುತ್ತವೆ. ಸಣ್ಣವು ಆಳಕ್ಕೆ ಇಳಿಯುತ್ತವೆ. 2022ರಲ್ಲಿ ಇಂಗ್ಲೆಂಡಿನ ಹಲ್ ಯಾರ್ಕ್ ವೈದ್ಯಕೀಯ ಶಾಲೆಯವರು ಜೀವಂತ ರೋಗಿಗಳ ಶ್ವಾಸಕೋಶದ 13 ತುಣುಕುಗಳನ್ನು ಪರೀಕ್ಷಿಸಿದಾಗ 11ರಲ್ಲಿ ಪ್ಲಾಸ್ಟಿಕ್ ಸಿಕ್ಕಿತು.

ಅಲ್ಲಿಂದ ಮಗುವಿಗೆ ದಾರಿಯುಂಟೇ? ತಾಯಿ ಮಗುವಿನ ನಡುವಿನ ಕಾವಲು ಎಂದರೆ ಜರಾಯು, ನಮ್ಮ ಹಿರಿಯರ ಮಾತಿನಲ್ಲಿ ಮಾಸು. 2021ರಲ್ಲಿ ಪ್ರಕಟವಾದ ರೋಮ್ ನಗರದ ವೈದ್ಯರ ವರದಿಯಂತೆ, 6 ಮಾಸುಗಳ ಪೈಕಿ 4ರಲ್ಲಿ ಒಟ್ಟು 12 ಪ್ಲಾಸ್ಟಿಕ್ ಕಣಗಳಿದ್ದವು. ಅವುಗಳಲ್ಲಿ 5 ಮಗುವಿನ ಕಡೆಯ ಭಾಗದಲ್ಲಿದ್ದವು. ಅವು ಉಸಿರಿನಿಂದ ಬಂದವೋ ಆಹಾರದಿಂದ ಬಂದವೋ ಎಂಬುದು ಆ ಪರೀಕ್ಷೆಯಿಂದ ತಿಳಿಯುವುದಿಲ್ಲ.

ಉಸಿರಿನ ದಾರಿಯನ್ನು ಬೆನ್ನಟ್ಟಿದವರು ನಮ್ಮ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾನಿಲಯದವರು. 2020ರಲ್ಲಿ ಅವರು ಗಬ್ಬದ ಇಲಿಗಳ ಶ್ವಾಸನಾಳಕ್ಕೆ ಅತಿ ಸೂಕ್ಷ್ಮ ಪಾಲಿಸ್ಟೈರೀನ್ ಕಣಗಳನ್ನು ಬಿಟ್ಟರು. ಒಂದೇ ದಿನದಲ್ಲಿ ಅವು ಮಾಸನ್ನು ದಾಟಿ ಹೊಟ್ಟೆಯಲ್ಲಿನ ಮರಿಗಳ ಯಕೃತ್ತು, ಹೃದಯ, ಮಿದುಳನ್ನು ಸೇರಿದ್ದವು. ಮರಿಗಳ ತೂಕವೂ ಕಡಿಮೆಯಾಗಿತ್ತು.

ಇಲಿಗೆ ಆದದ್ದು ಮನುಷ್ಯರಿಗೂ ಆಗಿಯೇ ತೀರುತ್ತದೆ ಎನ್ನುವಂತಿಲ್ಲ. ಪ್ರಯೋಗದಲ್ಲಿ ಕೊಟ್ಟಂತೆ ಒಮ್ಮೆಗೇ ರಾಶಿ ಕಣಗಳು ಮನೆಯ ಗಾಳಿಯಿಂದ ಒಳಹೋಗುವುದಿಲ್ಲ. ಮನುಷ್ಯ ಶಿಶುವಿಗೆ ಇದರಿಂದ ಹಾನಿಯೆಂದು ಇನ್ನೂ ಸಿದ್ಧವಾಗಿಲ್ಲ. ಆದರೆ ಪ್ಲಾಸ್ಟಿಕ್ ಎಳೆ ಶ್ವಾಸಕೋಶಕ್ಕೆ ನಿರಪಾಯಕಾರಿಯಲ್ಲ ಎಂಬುದು ಹಳೆಯ ಪಾಠ: 1990ರ ದಶಕದಲ್ಲಿ ರೋಡ್ ಐಲೆಂಡ್‌ನಲ್ಲಿ ನೈಲಾನ್ ಎಳೆಗಳನ್ನು ನುಣ್ಣಗೆ ಕತ್ತರಿಸುವ ಕಾರ್ಖಾನೆಯ ಕೆಲಸಗಾರರು ಕೆಮ್ಮು, ಏದುಸಿರಿನಿಂದ ನರಳಿದರು.

ಆದ್ದರಿಂದ ಹೆದರಿಕೆ ಬೇಡ, ಎಚ್ಚರವಿರಲಿ. ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಕಾರ್ಪೆಟ್ಟಿಗೆ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಿ. ಡ್ರೈಯರಿನ ಜಾಲರಿಯಲ್ಲಿ ಕೂತ ನಾರನ್ನು ತೆಗೆಯುವ ಕೆಲಸ ಮನೆಯ ಗಂಡಸರದಾಗಲಿ. ಚಳಿಯಿದ್ದರೂ ದಿನಕ್ಕೆ ಹತ್ತು ನಿಮಿಷ ಕಿಟಕಿ ತೆರೆಯಿರಿ. ಮಗುವಿನ ಹಾಸಿಗೆ, ಹೊದಿಕೆಗೆ ಹತ್ತಿಯದೇ ಬಟ್ಟೆ ಇರಲಿ. ಊರಿನಿಂದ ಬರುವ ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಹತ್ತಿ ಸೀರೆಗಳಿದ್ದರೆ ಬೇಡವೆನ್ನಬೇಡಿ. ಅವಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.