ಹೊಲದಿಂದ ಹೊರಟ ಚೀಟಿ

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನಲ್ಲಿ ಹಾರ್ಪೆಂಡೆನ್ ಎಂಬ ಊರಿನ ಅಂಚಿಗೆ ರಾಥಮ್‌ಸ್ಟೆಡ್ ಎಂಬ ಹಳೆಯ ಜಹಗೀರು ಒಂದುಂಟು; ಅದಕ್ಕೆ ಸೇರಿದ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ 1843ರಿಂದ ಇಂದಿನವರೆಗೂ ಗೋಧಿಯ ಪ್ರಯೋಗ ನಡೆದುಬಂದಿದೆ. ಜಾನ್ ಬೆನೆಟ್ ಲಾಸ್ ಎಂಬ ಭೂಮಾಲಿಕರೂ ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನಶಾಸ್ತ್ರಜ್ಞರೂ ಆ ಹೊಲವನ್ನು ನೀಳವಾದ ಪಟ್ಟಿಗಳಾಗಿ ವಿಭಾಗಿಸಿ, ಒಂದಕ್ಕೆ ಕೊಟ್ಟಿಗೆಯ ಗೊಬ್ಬರವನ್ನೂ ಮತ್ತೊಂದಕ್ಕೆ ಅಮೋನಿಯದ ಲವಣಗಳನ್ನೂ ಉಣಿಸಿ, ಒಂದನ್ನು ಏನೂ ಹಾಕದೆ ಹಾಗೆಯೇ ಬಿಟ್ಟು, ವರ್ಷವರ್ಷವೂ ಬಂದ ಫಸಲನ್ನು ತೂಗಿ ಲೆಕ್ಕವಿಟ್ಟರು. ಹೀಗೆ ಮುಕ್ಕಾಲು ಶತಮಾನ ಕಾಲ ರಾಶಿಬಿದ್ದ ಲೆಕ್ಕದ ಪುಸ್ತಕಗಳಲ್ಲಿ ಹುರುಳೇನಾದರೂ ಉಂಟೋ ಎಂಬುದನ್ನು ನೋಡುವುದಕ್ಕಾಗಿ, ಕೇಂದ್ರದ ನಿರ್ದೇಶಕರಾಗಿದ್ದ ಜಾನ್ ರಸೆಲ್ಲರು 1919ರಲ್ಲಿ ರೊನಾಲ್ಡ್ ಫಿಷರ್ ಎಂಬ 29ರ ಹರೆಯದ ಗಣಿತಜ್ಞರನ್ನು ಕರೆಸಿಕೊಂಡರು.

ಲೆಕ್ಕಗಳನ್ನು ಶೋಧಿಸುತ್ತ ಹೋದಂತೆ ಫಿಷರರಿಗೆ ಮನದಟ್ಟಾದ ಸಂಗತಿಯೆಂದರೆ, ಪ್ರಯೋಗಗಳು ಎಷ್ಟೇ ಶ್ರದ್ಧೆಯಿಂದ ನಡೆದಿದ್ದರೂ, ಗೊಬ್ಬರದ ಗುಣವೆಷ್ಟು, ನೆಲದ ಗುಣವೆಷ್ಟು ಎಂಬುದನ್ನು ಅವುಗಳಿಂದ ಬೇರ್ಪಡಿಸಿ ಹೇಳಲು ಬರುವಂತಿರಲಿಲ್ಲ. ಕಾಲುವೆಯ ತಲೆಯಲ್ಲಿರುವ ಗದ್ದೆ ಕೊಟ್ಟಷ್ಟನ್ನು ಕೊನೆಯ ಗದ್ದೆ ಕೊಡಲಾರದೆಂಬುದನ್ನೂ, ಒಂದೇ ಗದ್ದೆಯಲ್ಲಿ ಮರದ ನೆರಳು ಬೀಳುವ ಮೂಲೆ ಸೊರಗುವುದೆಂಬುದನ್ನೂ ನಮ್ಮ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಹೀಗಿರುವಾಗ ಹೊಸ ಗೊಬ್ಬರ ಬಿದ್ದ ತಾಕು ಹೆಚ್ಚು ಬೆಳೆದರೆ ಕೀರ್ತಿ ಸಲ್ಲತಕ್ಕುದು ಯಾರಿಗೆ? ಫಿಷರರು ಕಂಡುಕೊಂಡ ಮಾರ್ಗ ಇದು: ಒಂದೊಂದು ಉಪಚಾರವನ್ನೂ ಹಲವು ತಾಕುಗಳಲ್ಲಿ ಮರಳಿ ಮರಳಿ ಮಾಡಬೇಕು; ಸಾರದಲ್ಲಿ ಹೆಚ್ಚುಕಡಮೆ ಸಮನಾದ ತಾಕುಗಳನ್ನು ಒಂದೊಂದು ಗುಂಪಾಗಿ ಕೂಡಿಸಬೇಕು; ಆ ಗುಂಪಿನೊಳಗೆ ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಮನುಷ್ಯ ತನ್ನ ವಿವೇಚನೆಯಿಂದ ನಿರ್ಧರಿಸದೆ ಚೀಟಿ ಎತ್ತಿ ನಿರ್ಧರಿಸಬೇಕು. 1926ರ ಒಂದು ಪ್ರಬಂಧದಲ್ಲಿಯೂ, ‘ಪ್ರಯೋಗಗಳ ವಿನ್ಯಾಸ’ವನ್ನು ಕುರಿತ 1935ರ ಗ್ರಂಥದಲ್ಲಿಯೂ ಅವರು ಇದನ್ನು ವಿಸ್ತರಿಸಿ ಪ್ರತಿಪಾದಿಸಿದರು. ಚೀಟಿಗೆ ಪಕ್ಷಪಾತವಿಲ್ಲ; ನಮಗೆ ತಿಳಿದಿರುವ ತಾರತಮ್ಯಗಳ ಜೊತೆಗೆ ತಿಳಿಯದ ತಾರತಮ್ಯಗಳನ್ನೂ ಅದು ಎರಡು ಪಕ್ಷಗಳಿಗೂ ಹಂಚಿಬಿಡುತ್ತದೆ; ಅದಕ್ಕಿಂತ ಹೆಚ್ಚಾಗಿ, ಕಂಡ ವ್ಯತ್ಯಾಸ ಬರಿಯ ಆಕಸ್ಮಿಕದಿಂದ ಒದಗಬಹುದಾದ ಸಂಭವವೆಷ್ಟು ಎಂದು ಗಣಿಸುವುದಕ್ಕೆ ಅದೇ ಆಧಾರವಾಗುತ್ತದೆ.

ಈ ಮಾತನ್ನು ಎಲ್ಲರೂ ಒಪ್ಪಿದರೆಂದಲ್ಲ. ಒಪ್ಪದವರಲ್ಲಿ ಅಗ್ರಗಣ್ಯರು ಫಿಷರರ ಸ್ನೇಹಿತರೇ ಆದ ವಿಲಿಯಂ ಸೀಲಿ ಗಾಸೆಟ್ಟರು. ಅವರು 1899ರಲ್ಲಿ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯನ್ನು ಸೇರಿ, ಬಾರ್ಲಿಯ ತಳಿಗಳನ್ನೂ ಹಾಪ್ಸ್ ಹೂವಿನ ಗುಣವನ್ನೂ ಪರೀಕ್ಷಿಸುವ ಕಾರ್ಯದಲ್ಲಿ ಆಯುಷ್ಯವನ್ನು ಕಳೆದವರು. ಕಾರ್ಖಾನೆಯಲ್ಲಿ ಅವರ ಕೈಗೆ ಸಿಗುತ್ತಿದ್ದುದು ನಾಲ್ಕಾರು ಮಾದರಿಗಳ ಫಲಿತಾಂಶ ಮಾತ್ರ. ಅಷ್ಟು ಸ್ವಲ್ಪದರಿಂದ ಎಷ್ಟರಮಟ್ಟಿಗೆ ನಿಶ್ಚಯವಾಗಿ ಮಾತನಾಡಬಹುದೆಂಬ ಪ್ರಶ್ನೆಗೆ ಉತ್ತರವನ್ನು ಅವರು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದರು. ಇಂದು ಜಗತ್ತಿನ ಕಾಲೇಜುಗಳಲ್ಲೆಲ್ಲ ‘ಟಿ’ ಪರೀಕ್ಷೆಯೆಂದು ಕಲಿಸುವುದು ಇದನ್ನೇ. ಫಿಷರರ ಗಣಿತ ಈ ಕಾರ್ಖಾನೆಯ ಗಣಿತದ ಮೇಲೆಯೇ ನಿಂತಿತು. ಆದಕಾರಣ ವಿದ್ಯೆ ಹೊಲದಿಂದ ಕಾರ್ಖಾನೆಗೆ ಹೋದಂತೆ ಕಾರ್ಖಾನೆಯಿಂದ ಹೊಲಕ್ಕೂ ಬಂದಿದೆಯೆನ್ನಬೇಕು. ಆದರೆ ಚೀಟಿಯ ವಿಷಯದಲ್ಲಿ ಮಾತ್ರ, ನೆಲದ ಹದವನ್ನು ಬಲ್ಲವನು ವಿಚಾರಪೂರ್ವಕವಾಗಿ ಸಮತೂಗಿಸಿ ತಾಕುಗಳನ್ನು ಹೊಂದಿಸಿದರೆ ಅದೇ ಹೆಚ್ಚು ಖಚಿತವೆಂಬ ವಾದವನ್ನು ಗಾಸೆಟ್ಟರು 1937ರಲ್ಲಿ ಮರಣಹೊಂದುವ ತನಕ ಬಿಡಲಿಲ್ಲ. ಹೊಲದ ಮಟ್ಟಿಗೆ ಅವರ ವಾದದಲ್ಲಿ ಸತ್ತ್ವವಿದೆಯೆಂದು ನನಗೆ ತೋರುತ್ತದೆ. ಬಾರ್ಲಿಯ ಪೈರನ್ನು ನೋಡಿ ಪ್ರಯೋಗ ಮಾಡುವವನ ಕರುಳು ಕರಗದು. ಎದುರಿಗಿರುವುದು ರೋಗಿಯಾಗಿ, ಆತನನ್ನು ಉಳಿಸಬೇಕೆಂಬ ಆತುರ ವೈದ್ಯನ ಮನಸ್ಸಿನಲ್ಲಿ ತುಂಬಿರುವಲ್ಲಿ ಮಾತು ಬೇರೆಯಾಗುತ್ತದೆ. ಅಲ್ಲಿ ಫಿಷರರ ಚೀಟಿಯಿಲ್ಲದೆ ಗತಿಯಿಲ್ಲವೆಂದೇ ನಾನು ನಂಬಿದ್ದೇನೆ.

ಕಾರ್ಖಾನೆಗೆ ಹೊಲದಿಂದ ಬಂದ ವಿಚಾರವೊಂದುಂಟು, ಅದರಲ್ಲಿ ಕನ್ನಡನಾಡಿಗೂ ಒಂದು ಸಂಬಂಧವುಂಟು. ಪ್ರಕೃತಿಯನ್ನು ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುವುದು ಕಾಲಹರಣ, ಗೊಬ್ಬರ, ಬೀಜ, ನೀರು, ಬಿತ್ತನೆಯ ಕಾಲ ಇವೆಲ್ಲವನ್ನೂ ಒಟ್ಟಿಗೇ ಬದಲಿಸಿ ನೋಡಬೇಕು ಎಂಬುದು ಫಿಷರರ ಮತ. ಆದರೆ ಎರಡೆರಡು ಬಗೆಯ ಏಳು ಅಂಶಗಳನ್ನು ಹೀಗೆ ನೋಡಹೊರಟರೆ 128 ಪ್ರಯೋಗಗಳು ಬೇಕಾಗುತ್ತವೆ. ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯಲ್ಲಿ 1920ರಲ್ಲಿ, ತೆಲುಗು ಮಾತಿನ ಮನೆತನವೊಂದರಲ್ಲಿ ಜನಿಸಿ, 1941ರಲ್ಲಿ ಕಲ್ಕತ್ತೆಗೆ ಹೋಗಿ ಮಹಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿ, ಮುಂದೆ ಕೇಂಬ್ರಿಡ್ಜಿನಲ್ಲಿ ಫಿಷರರಲ್ಲಿಯೇ ಶಿಷ್ಯವೃತ್ತಿಮಾಡಿದ ಸಿ. ಆರ್. ರಾಯರು, ಇಂಥ ಪ್ರಯೋಗಗಳಲ್ಲಿ ಸಮತೋಲ ಕೆಡದಂತೆ ಕೆಲವನ್ನೇ ಆರಿಸಿಕೊಳ್ಳುವ ಅಂಕಿಗಳ ವ್ಯೂಹಗಳನ್ನು 1947ರಲ್ಲಿ ಪ್ರಕಟಿಸಿದರು. ಆರ್ಥೊಗೊನಲ್ ಅರೇ ಎಂದು ಅವುಗಳ ಹೆಸರು. ಅಂಶಗಳು ಒಂದರ ಕೆಲಸದಲ್ಲಿ ಇನ್ನೊಂದು ಹೆಚ್ಚಾಗಿ ಕೈಹಾಕದೆ ಇರುವಲ್ಲಿ, ಆ 128ರ ಕೆಲಸವನ್ನು ಎಂಟರಲ್ಲಿ ಪೂರೈಸಬಹುದು.

ಈ ವ್ಯೂಹಗಳನ್ನು ಕಾರ್ಖಾನೆಯವರ ಭಾಷೆಗೆ ಇಳಿಸಿದವರು ಜಪಾನಿನ ಗೆನಿಚಿ ಟಗುಚಿಯವರು. 1954ರ ಸುಮಾರಿಗೆ ಅವರೂ ಕಲ್ಕತ್ತೆಯ ಸಂಸ್ಥೆಯಲ್ಲಿ ಅತಿಥಿಗಳಾಗಿದ್ದು ಹೋದರು. ಅದಕ್ಕೆ ಮುನ್ನ 1953ರಲ್ಲಿ ಇನಾ ಎಂಬ ಟೈಲ್ಸ್ ಕಂಪನಿಯಲ್ಲಿ ನಡೆದ ಪ್ರಯೋಗ ಪ್ರಸಿದ್ಧವಾದುದು. ಭಟ್ಟಿಯೊಳಗೆ ಶಾಖ ಎಲ್ಲೆಡೆಯೂ ಒಂದೇ ಸಮನಾಗಿ ತಾಗದ ಕಾರಣ, ರಾಶಿಯ ಹೊರಮೈಯ ಬಿಲ್ಲೆಗಳು ಅಳತೆಗೆಡುತ್ತಿದ್ದವು. ಭಟ್ಟಿಯನ್ನೇ ಹೊಸದಾಗಿ ಕಟ್ಟುವುದು ಬಹು ವೆಚ್ಚದ ಮಾತು. ಮಣ್ಣಿನ ಮಿಶ್ರಣದ ಅಂಶಗಳನ್ನು ಇಂಥ ವ್ಯೂಹವೊಂದರ ಪ್ರಕಾರ ಬದಲಿಸಿ ನೋಡಿದಾಗ, ಸುಣ್ಣಕಲ್ಲಿನ ಪ್ರಮಾಣವನ್ನು ನೂರಕ್ಕೆ 1ರಿಂದ 5ಕ್ಕೆ ಏರಿಸಿದರೆ ಭಟ್ಟಿಯ ದೋಷ ಹಾಗೆಯೇ ಉಳಿದರೂ ಬಿಲ್ಲೆಗಳ ಅಳತೆಯ ಏರುಪೇರು ಬಹುಮಟ್ಟಿಗೆ ಇಳಿಯುವುದೆಂದು ಗೊತ್ತಾಯಿತು.

ವೈದ್ಯಕ್ಷೇತ್ರಕ್ಕೆ ಚೀಟಿಯನ್ನು ಕೊಂಡೊಯ್ದವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ಲರು. ವೈದ್ಯನಾಗಬೇಕೆಂಬ ಹಂಬಲವಿದ್ದ ಅವರಿಗೆ ಮೊದಲ ಮಹಾಯುದ್ಧದ ಸಮಯದಲ್ಲಿ ಕ್ಷಯರೋಗ ತಗುಲಿ, ದೀರ್ಘಕಾಲ ಹಾಸಿಗೆ ಹಿಡಿದು, ಆ ಆಸೆ ಕೈಗೂಡದೆ ಸಂಖ್ಯಾಶಾಸ್ತ್ರದ ಕಡೆಗೆ ತಿರುಗಿದರು. ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ ಪರೀಕ್ಷೆಯೂ ಕ್ಷಯಕ್ಕೇ ಸಂಬಂಧಿಸಿದುದು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ದೊರೆತುದು ಅಮೆರಿಕದ ರಟ್ಗರ್ಸ್ ವಿದ್ಯಾಲಯದಲ್ಲಿ, ಸೆಲ್ಮನ್ ವಾಕ್ಸ್‌ಮನ್ನರ ಮಣ್ಣಿನ ಸೂಕ್ಷ್ಮಜೀವಿಗಳ ಪ್ರಯೋಗಶಾಲೆಯಲ್ಲಿ, 1943ರಲ್ಲಿ, ಆಲ್ಬರ್ಟ್ ಷಾಟ್ಸ್ ಎಂಬ ವಿದ್ಯಾರ್ಥಿಯ ಕೈಯಿಂದ. ಯುದ್ಧದಿಂದ ಬಡವಾದ ಇಂಗ್ಲೆಂಡಿಗೆ ಆ ಔಷಧ ಸ್ವಲ್ಪವೇ ದಕ್ಕಿತು, ಎಲ್ಲರಿಗೂ ಕೊಡುವುದು ಹೇಗೂ ಅಸಾಧ್ಯವಾಯಿತು. ಅಂದಮೇಲೆ ಯಾರಿಗೆಂಬುದನ್ನು ಚೀಟಿಯೇ ಹೇಳಲೆಂದು ಹಿಲ್ಲರು ಮುದ್ರೆಹಾಕಿದ ಲಕೋಟೆಗಳನ್ನು ಸಿದ್ಧಪಡಿಸಿದರು. ರೋಗಿ ಪರೀಕ್ಷೆಗೆ ಅರ್ಹನೆಂದು ನಿಶ್ಚಯವಾದ ಮೇಲೆಯೇ ಲಕೋಟೆಯನ್ನು ಒಡೆಯತಕ್ಕದ್ದು. ಎರಡೂ ಶ್ವಾಸಕೋಶಗಳು ಕೆಟ್ಟ 107 ಮಂದಿ ಯುವಕ ಯುವತಿಯರಲ್ಲಿ 55 ಮಂದಿಗೆ ಔಷಧವೂ ವಿಶ್ರಾಂತಿಯೂ, 52 ಮಂದಿಗೆ ವಿಶ್ರಾಂತಿ ಮಾತ್ರವೂ ಬಂದವು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡರು. 1948ರ ಅಕ್ಟೋಬರಿನಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ವಿಶ್ರಾಂತಿ ಮಾತ್ರ ದೊರೆತವರಿಗೆ ತಾವು ಒಂದು ಪರೀಕ್ಷೆಯಲ್ಲಿ ಭಾಗಿಗಳೆಂಬುದೇ ತಿಳಿದಿರಲಿಲ್ಲವೆಂಬುದನ್ನು ಇಲ್ಲಿ ಮರೆಮಾಚಬಾರದು. ಇಂದು ಅಂಥದನ್ನು ಯಾರೂ ಒಪ್ಪರು, ಒಪ್ಪಲೂಬಾರದು. ಮುಂದಿನ ಕಥೆಯೂ ಹೇಳತಕ್ಕುದೇ. ಐದು ವರ್ಷಗಳ ಬಳಿಕ ನೋಡಿದರೆ ಔಷಧ ಪಡೆದ 55ರಲ್ಲಿ 32 ಮಂದಿ, ಪಡೆಯದ 52ರಲ್ಲಿ 35 ಮಂದಿ ಗತಿಸಿದ್ದರು. ರೋಗಾಣುಗಳು ಒಂಟಿ ಔಷಧವನ್ನು ಎದುರಿಸುವ ಶಕ್ತಿಯನ್ನು ಬಹುಬೇಗ ಗಳಿಸಿಕೊಂಡಿದ್ದವು. ಎರಡು ಔಷಧಗಳನ್ನು ಕೂಡಿಸಿ ಕೊಡಬೇಕೆಂಬ ಪಾಠವನ್ನು ಕಲಿಸಿದುದೂ ಚೀಟಿಯ ಪರೀಕ್ಷೆಗಳೇ. ಆ ಪಾಠದ ಮುಂದಿನ ಅಧ್ಯಾಯ ಮದರಾಸಿನಲ್ಲಿ ನಡೆಯಿತು. 1956ರಲ್ಲಿ ಅಲ್ಲಿ ಸ್ಥಾಪಿತವಾದ ಕ್ಷಯಚಿಕಿತ್ಸಾ ಸಂಶೋಧನ ಕೇಂದ್ರದಲ್ಲಿ ವ್ಯಾಲೇಸ್ ಫಾಕ್ಸರೂ ಅವರ ಭಾರತೀಯ ಸಹೋದ್ಯೋಗಿಗಳೂ ನಗರದ ಬಡ ರೋಗಿಗಳಲ್ಲಿ ಚೀಟಿ ಎತ್ತಿ, ಕೆಲವರನ್ನು ಸ್ಯಾನಟೋರಿಯಮ್ಮಿಗೆ ಸೇರಿಸಿ, ಉಳಿದವರಿಗೆ ಅವರವರ ಇಕ್ಕಟ್ಟಿನ ಮನೆಗಳಲ್ಲಿಯೇ ಸ್ಯಾನಟೋರಿಯಮ್ಮಿನವರಿಗೆ ಕೊಟ್ಟ ಎರಡು ಔಷಧಗಳನ್ನೇ ಒಂದು ವರ್ಷ ಕೊಟ್ಟರು. ಒಳ್ಳೆಯ ಗಾಳಿ, ಪುಷ್ಟಿಕರವಾದ ಆಹಾರ, ಪೂರ್ಣ ವಿಶ್ರಾಂತಿ ಇವಿಲ್ಲದೆ ಕ್ಷಯ ವಾಸಿಯಾಗದೆಂಬುದು ಅಲ್ಲಿಯವರೆಗೆ ವೈದ್ಯರ ದೃಢವಾದ ನಂಬಿಕೆ. ಅರೆಹೊಟ್ಟೆಯಲ್ಲಿ ಮನೆಯಲ್ಲಿಯೇ ಇದ್ದವರು ಸ್ಯಾನಟೋರಿಯಮ್ಮಿನವರಿಗೆ ಬಹುಮಟ್ಟಿಗೆ ಸಮನಾಗಿಯೇ ಗುಣಹೊಂದಿದರು. ಮನೆಮಂದಿಗೆ ರೋಗ ಹೆಚ್ಚಾಗಿ ಅಂಟಲೂ ಇಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ಹಾಸಿಗೆ ದೊರೆಯದೆ ಸಾಯುತ್ತಿದ್ದ ಲಕ್ಷಾಂತರ ಬಡವರಿಗೆ ಮನೆಬಾಗಿಲಲ್ಲಿ ಚಿಕಿತ್ಸೆ ಕೊಡಬಹುದೆಂಬ ಧೈರ್ಯ ಸರ್ಕಾರಗಳಿಗೆ ಬಂದಿತು. ನಮ್ಮ ದೇಶದ ನೆಲದಲ್ಲಿ ನಡೆದು ಜಗತ್ತಿನ ವೈದ್ಯಪದ್ಧತಿಯನ್ನೇ ತಿರುಗಿಸಿದ ಈ ಕಾರ್ಯವನ್ನು ನಾವು ಇನ್ನೂ ಹೆಚ್ಚಾಗಿ ನೆನೆಯಬೇಕಾಗಿತ್ತು.

ಶ್ವಾಸಕೋಶದ ಗಾಯವನ್ನು ಎಕ್ಸ್‌ರೇ ತೋರಿಸುತ್ತದೆ. ಮನಸ್ಸಿನ ಗಾಯ ಹಾಗಲ್ಲ. ಅಲ್ಲಿ ಚೀಟಿಗೆ ಏನು ಕೆಲಸವೆಂದು ಸಜ್ಜನರು ಬಹುಕಾಲ ಕೇಳಿದರು. ಯುದ್ಧ, ಅಪಘಾತ, ಅತ್ಯಾಚಾರ, ಬೆಂಕಿ ಮೊದಲಾದ ಘೋರಾನುಭವಗಳ ತರುವಾಯ ಆ ನೆನಪು ಹಗಲಿರುಳೂ ಮರುಕಳಿಸಿ ಬಾಳನ್ನು ಕೆಡಿಸುವ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರು 1980ರಲ್ಲಿ ಪಿ.ಟಿ.ಎಸ್.ಡಿ. ಎಂಬ ಹೆಸರಿನಿಂದ ತಮ್ಮ ರೋಗಸೂಚಿಗೆ ಸೇರಿಸಿದರು. ಮೂರು ವರ್ಷಗಳಲ್ಲಿಯೇ ಜೆಫ್ರಿ ಮಿಚೆಲ್ ಎಂಬವರು, ಅಗ್ನಿಶಾಮಕ ದಳದವರಂಥ ತುರ್ತುಸೇವೆಯ ಸಿಬ್ಬಂದಿಗಾಗಿ, ಘಟನೆ ನಡೆದ ಕೆಲವೇ ದಿನಗಳೊಳಗೆ ಅವರನ್ನು ಕೂರಿಸಿ, ಕಂಡದ್ದನ್ನೂ ಅನುಭವಿಸಿದ್ದನ್ನೂ ಬಾಯಿಬಿಟ್ಟು ಹೇಳಿಸುವ ಡೀಬ್ರೀಫಿಂಗ್ ಎಂಬ ಕ್ರಮವನ್ನು ಮುಂದಿಟ್ಟರು. ದುಃಖವನ್ನು ತೋಡಿಕೊಂಡರೆ ಎದೆ ಹಗುರವಾಗುವುದೆಂಬುದು ಎಲ್ಲ ಜನಾಂಗಗಳಿಗೂ ಸಹಜವಾದ ನಂಬಿಕೆ. ಆದುದರಿಂದ ಈ ಕ್ರಮ ಸಾಕ್ಷ್ಯವನ್ನು ಕೇಳುವವರಿಲ್ಲದೆ ದೇಶದಿಂದ ದೇಶಕ್ಕೆ ಹಬ್ಬಿ, ದಳದವರಿಂದ ಆಸ್ಪತ್ರೆಯ ಗಾಯಾಳುಗಳವರೆಗೂ ವಿಸ್ತರಿಸಿತು.

ಇದನ್ನು ಒರೆಗೆ ಹಚ್ಚಿದವರು ಬ್ರಿಟನ್ನಿನ ವೈದ್ಯರು. ವೇಲ್ಸಿನಲ್ಲಿ ಜೊನಾಥನ್ ಬಿಸ್ಸನ್ನರೂ ಸಂಗಡಿಗರೂ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದ 133 ಮಂದಿಯಲ್ಲಿ ಚೀಟಿ ಎತ್ತಿ, ಕೆಲವರಿಗೆ ಈ ಉಪಚಾರವನ್ನು ಕೊಟ್ಟು, ಉಳಿದವರಿಗೆ ಕೊಡದೆ, 13 ತಿಂಗಳ ಬಳಿಕ ವಿಚಾರಿಸಿದರು. ಉಪಚಾರ ಹೊಂದಿದವರಲ್ಲಿ ನೂರಕ್ಕೆ 26 ಮಂದಿಯಲ್ಲಿ ಪಿ.ಟಿ.ಎಸ್.ಡಿ. ನೆಲೆಸಿತ್ತು, ಹೊಂದದವರಲ್ಲಿ ನೂರಕ್ಕೆ 9 ಮಂದಿಯಲ್ಲಿ. 1997ರಲ್ಲಿ ಇದನ್ನು ಪ್ರಕಟಿಸುವಾಗ, ಚೀಟಿಯ ಆಕಸ್ಮಿಕದಿಂದ ಉಪಚಾರದ ಗುಂಪಿಗೆ ಹೆಚ್ಚು ತೀವ್ರವಾಗಿ ಗಾಯಗೊಂಡವರು ಬಂದಿದ್ದರೆಂಬುದನ್ನೂ ಅವರು ಪ್ರಾಮಾಣಿಕವಾಗಿ ತಿಳಿಸಿದರು. ಅಷ್ಟರಿಂದಲೇ ತೀರ್ಮಾನ ಕೂಡದಾಗಿತ್ತು. ಆದರೆ ಆಕ್ಸ್‌ಫರ್ಡಿನಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕವರನ್ನು ಮೂರು ವರ್ಷ ಅನುಸರಿಸಿದ ರಿಚರ್ಡ್ ಮೇಯೂ, ಆಂಕೆ ಎಹ್ಲರ್ಸ್, ಮೈಕೇಲ್ ಹಾಬ್ಸ್ ಇವರ ಪರೀಕ್ಷೆ 2000ದಲ್ಲಿ ಹೊರಬಿದ್ದಾಗ ಸಂದೇಹಕ್ಕೆ ಎಡೆ ಕಡಮೆಯಾಯಿತು. ಮೊದಲಿನಲ್ಲಿ ಅತಿಯಾಗಿ ಕಲಕಿಹೋದವರ ಪೈಕಿ, ಯಾರೂ ಕೂರಿಸಿ ಮಾತನಾಡಿಸದೆ ಬಿಟ್ಟವರು ಕಾಲಕ್ರಮದಲ್ಲಿ ಚೇತರಿಸಿಕೊಂಡರು. ಉಪಚಾರ ಹೊಂದಿದವರು ಮೂರು ವರ್ಷಗಳಾದರೂ ಹಾಗೆಯೇ ನರಳುತ್ತಿದ್ದರು.

ಅತ್ಯಂತ ನೊಂದವರಿಗೇ ಅತ್ಯಂತ ಹಾನಿಯಾಯಿತೆಂಬ ಈ ಸಂಗತಿಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಮುದುಡುತ್ತದೆ. ಅವರನ್ನು ಮಾತನಾಡಿಸಿದವರು ಕ್ರೂರಿಗಳಾಗಿರಲಿಲ್ಲ. ಉಪಚಾರ ಹೊಂದಿದವರಲ್ಲಿಯೂ ಅನೇಕರು ತಮಗೆ ಉಪಯೋಗವಾಯಿತೆಂದೇ ಹೇಳಿದ್ದರು. ಕೊಟ್ಟವರ ಸದ್ಭಾವವೂ ಪಡೆದವರ ಕೃತಜ್ಞತೆಯೂ ಸೇರಿ ಸಾಕ್ಷ್ಯವಾಗಲಾರವು; ಉಪಚಾರ ಹೊಂದದ ಗುಂಪೊಂದು ಎದುರಿಗೆ ಇಲ್ಲದಿದ್ದರೆ ಈ ಹಾನಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಾನಿಗೆ ಕಾರಣವೇನೆಂಬಲ್ಲಿ ಊಹೆಗಳುಂಟು: ಹಸಿಯ ನೆನಪನ್ನು ಒಮ್ಮೆ ಕೆದಕಿ, ಅದು ತಣಿಯುವಷ್ಟು ಕಾಲ ಜೊತೆಗಿರದೆ ಎದ್ದುಹೋಗುವುದು ಒಂದು, ಮುಂದೆ ನಿನಗೆ ಇಂತಿಂಥ ಬಾಧೆಗಳು ಬರಬಹುದೆಂದು ಮೊದಲೇ ತಿಳಿಸಿ ಅವುಗಳನ್ನು ಮನಸ್ಸು ಎದುರುನೋಡುವಂತೆ ಮಾಡುವುದು ಮತ್ತೊಂದು.

ಇಂಗ್ಲೆಂಡಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2005ರಲ್ಲಿ, ಒಂದೇ ಸಲ ಕೂರಿಸಿ ಹೇಳಿಸುವ ಈ ಕ್ರಮವನ್ನು ವಾಡಿಕೆಯಾಗಿ ನಡೆಸಬಾರದೆಂದು ವಿಧಿಸಿತು. ಬಾಧೆ ಸೌಮ್ಯವಾಗಿದ್ದರೆ ಮೊದಲ ನಾಲ್ಕು ವಾರ ಕಾದು ನೋಡಬೇಕೆಂದೂ, ಬಿಡದೆ ಉಳಿದವರಿಗೆ ನುರಿತವರಿಂದ ಕ್ರಮವಾದ ಚಿಕಿತ್ಸೆ ದೊರೆಯಬೇಕೆಂದೂ ಅದು ಹೇಳಿತು. ಆ ಚಿಕಿತ್ಸೆಗಳಲ್ಲೊಂದನ್ನು ರೂಪಿಸಿದವರು, ಆಕ್ಸ್‌ಫರ್ಡಿನ ಪರೀಕ್ಷೆಯಲ್ಲಿ ಪಾಲ್ಗೊಂಡಿದ್ದ ಎಹ್ಲರ್ಸರೇ, ಡೇವಿಡ್ ಕ್ಲಾರ್ಕರೊಡನೆ. ತಮ್ಮ ಚಿಕಿತ್ಸೆಯನ್ನೂ ಅವರು ಚೀಟಿಗೆ ಒಡ್ಡಿದರು: ಅಪಘಾತಕ್ಕೆ ಸಿಕ್ಕವರಲ್ಲಿ ಕೆಲವು ವಾರಗಳಲ್ಲಿ ತಾವಾಗಿ ಚೇತರಿಸಿಕೊಂಡವರನ್ನು ಬಿಟ್ಟು, ಉಳಿದವರನ್ನು ಮೂರು ಪಾಲುಮಾಡಿ, ಒಂದು ಪಾಲಿಗೆ ವಾರಕ್ಕೊಮ್ಮೆಯಂತೆ 12 ಸಲದವರೆಗೆ ಚಿಕಿತ್ಸೆಯನ್ನೂ, ಒಂದು ಪಾಲಿಗೆ ಸ್ವಸಹಾಯದ ಕಿರುಪುಸ್ತಕವನ್ನೂ ಕೊಟ್ಟು, ಮೂರನೆಯ ಪಾಲಿನವರ ಸ್ಥಿತಿಯನ್ನು ಆಗಾಗ ವಿಚಾರಿಸುತ್ತ ಮಾತ್ರ ಹೋದರು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚಿಕಿತ್ಸೆ ದೊರೆತವರು ಉಳಿದೆರಡು ಪಾಲಿನವರಿಗಿಂತ ಸ್ಪಷ್ಟವಾಗಿ ಹೆಚ್ಚು ಗುಣಹೊಂದಿದರು. ಸದುದ್ದೇಶದಿಂದಲೇ ರಚಿತವಾದ ಕಿರುಪುಸ್ತಕವನ್ನು ಪಡೆದವರಿಗೆ, ಬರಿಯ ವಿಚಾರಣೆಗೆ ಒಳಗಾದವರಿಗಿಂತ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ.